ಡೈರಿಯ ಅಪ್ಪ, ಹೆಳವರ ಅಪ್ಪ

ಅಪ್ಪ ತೀರಿಕೊಂಡು ವರ್ಷ ತುಂಬಿದ ಮೇಲೆ ಊರಿಂದ ಅಣ್ಣ ಫೋನ್ ಮಾಡಿದ. "ವಂಶವೃಕ್ಷಕ್ಕ ನಿನ್ನ ಸಹಿ ಬೇಕವಾ, ಈ ರವಿವಾರ ಬಂದು ಹೋಗು." ಗದಗ ತಾಲೂಕಿನ ನಮ್ಮ ಎರಿಹೊಲ ಇನ್ನೂ ಅಪ್ಪನ ಹೆಸರಲ್ಲೇ ಇತ್ತು. ವಾರಸಾ ಆಗಬೇಕೆಂದರೆ ನಾಡಕಚೇರಿಗೆ ವಂಶವೃಕ್ಷ ಕೊಡಬೇಕು. ಹಿಂದೂ ವಾರಸಾ ಕಾಯ್ದೆಗೆ 2005ರ ತಿದ್ದುಪಡಿ ಬಂದ ಮೇಲೆ ಅದರಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟು ಬರೆಯುವ ಹಾಗಿಲ್ಲ. ಹುಬ್ಬಳ್ಳಿಯಿಂದ ಅಣ್ಣಿಗೇರಿ ಹಾಯ್ದು ಊರಿಗೆ ಹೋದೆ. ಅಣ್ಣ ದೊಡ್ಡ ಹಾಳೆಯ ಮೇಲೆ ಗೆರೆ ಎಳೆದು ಐದು ತಲೆಮಾರು ಬರೆದಿಟ್ಟಿದ್ದ. ಎಲ್ಲಕ್ಕಿಂತ ಮೇಲಿದ್ದ ಹೆಸರನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ.

"ಯಾರಣ್ಣಾ ಇವ್ರು?"

"ಮುತ್ತಜ್ಜನ ಅಪ್ಪ. ಡೈರಿಯೊಳಗ ಹಂಗ ಐತಿ."

ಪೆನ್ನು ಹಿಡಿದ ಕೈ ಅಲ್ಲೇ ನಿಂತಿತು. ನಾನು ಆಯಿಯ, ಅಂದರೆ ಅಪ್ಪನ ತಾಯಿಯ, ಮಗ್ಗುಲಲ್ಲಿ ಮಲಗಿ ಬೆಳೆದವಳು. ಆಕೆ ಸಾವಿರ ಸಲ ಹೇಳಿದ ಮಾತು ನನಗೆ ಬಾಯಿಪಾಠ: "ನಿಮ್ಮ ಮುತ್ತಜ್ಜ ಈ ಊರಾಂವಲ್ಲ. ಪಿಲೇಗಿನ ವರ್ಷ ತಾಯಿ ಸೆರಗ ಹಿಡಕೊಂಡು ಶಿರಹಟ್ಟಿ ಕಡಿಂದ ಬಂದಾಂವ. ಮಾವನ ಮನಿ ಅನ್ನ ಉಂಡು ದೊಡ್ಡಾಂವಾದ." ಅಣ್ಣನ ಹಾಳೆಯಲ್ಲಿದ್ದ ಹಿರಿಯರು ನಮ್ಮೂರಲ್ಲೇ ಹುಟ್ಟಿ ನಮ್ಮೂರಲ್ಲೇ ಸತ್ತವರು. ಎರಡೂ ಖರೆ ಇರಲು ಹೇಗೆ ಸಾಧ್ಯ?

ಮುಂದೆ ಬರೆಯುವ ಮೊದಲು ಒಂದು ಮಾತು. ಇಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲ. ಎರಡೂ ಮನೆತನದವರು ಇನ್ನೂ ಅದೇ ಊರುಗಳಲ್ಲಿದ್ದಾರೆ, ಅವರಿಗೆ ಮಾತು ಕೊಟ್ಟಿದ್ದೇನೆ. ಡೈರಿಯಲ್ಲಿ ಮುತ್ತಜ್ಜನ ತಂದೆ ಎಂದು ಬರೆದಿರುವವರನ್ನು "ಡೈರಿಯ ಅಪ್ಪ" ಎನ್ನುತ್ತೇನೆ. ಇನ್ನೊಬ್ಬರು ಆಮೇಲೆ ಬರುತ್ತಾರೆ.

ಡೈರಿ ಎಂದರೆ ದಿನಚರಿಯಲ್ಲ. ಆಗಿನ ಮುಂಬಯಿ ಪ್ರಾಂತದಲ್ಲಿ 1903ರ ಕಾಯ್ದೆಯಿಂದ ಜಮೀನಿನ ಹಕ್ಕುದಾಖಲೆ ಇಡುವ ಪದ್ಧತಿ ಬಂತು. ಯಾರಾದರೂ ಸತ್ತರೆ, ಮಾರಿದರೆ, ವಾಟ್ನಿ (ಪಾಲು) ಆದರೆ ಒಂದೊಂದಕ್ಕೂ ನಂಬರು ಹಾಕಿ ನೋಂದು ಬರೆಯುತ್ತಿದ್ದರು. ನಮ್ಮ ಕಡೆ ಅದಕ್ಕೇ ಡೈರಿ ಅನ್ನುವುದು. ಅಣ್ಣ ತೆಗೆಸಿದ್ದ ನಕಲು 1924ರದ್ದು. ಇಂಥವರು ಮಯತ (ತೀರಿಕೊಂಡರು), ವಾರಸ ಮಗ ಇಂಥವ ಬಿನ್ ಇಂಥವ, ತಕರಾರು ಇಲ್ಲ, ಮಂಜೂರು. ನಾಲ್ಕೇ ಸಾಲು, ಕೆಳಗೆ ಸಹಿ. ಸರಕಾರದ ಕಾಗದದಲ್ಲಿ ಇಷ್ಟು ಸ್ಪಷ್ಟವಾಗಿ ಬರೆದಿರುವಾಗ ಆಯಿಯ ಮಾತಿಗೇನು ಬೆಲೆ ಎಂದು ಅಣ್ಣ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಆಯಿ ಸುಳ್ಳು ಹೇಳಲು ಕಾರಣವೂ ಇರಲಿಲ್ಲ. ಹೊಲದ ಊರಿನವನಲ್ಲ ಎಂದು ಗಂಡನ ಮನೆಯವರ ಬಗ್ಗೆ ಸುಮ್ಮಸುಮ್ಮನೆ ಹೇಳಿಕೊಂಡು ಯಾವ ಸೊಸೆಗೆ ಏನು ಸಿಗುತ್ತದೆ?

ಸಹಿ ಮಾಡದೆ ಹುಬ್ಬಳ್ಳಿಗೆ ಮರಳಿದೆ. ಅಣ್ಣನಿಗೆ ಸಿಟ್ಟು ಬಂದಿತ್ತು.

ಆಮೇಲೆ ನಾನು ಮಾಡಿದ ತಪ್ಪನ್ನು ಇಲ್ಲೇ ಹೇಳಬೇಕು, ಏಕೆಂದರೆ ಅದನ್ನು ಸರಿಪಡಿಸಲು ಉಳಿದೆಲ್ಲದಕ್ಕಿಂತ ಹೆಚ್ಚು ದಿನ ಹಿಡಿಯಿತು. ದೊಡ್ಡಪ್ಪನ ಮಗನೊಬ್ಬ ಹಳೆಯ ರಜಿಸ್ಟರಿನ ಒಂದು ಪುಟವನ್ನು ಮೊಬೈಲಿನಲ್ಲಿ ಹೊಡೆದು ಕಳಿಸಿದ. ಮುತ್ತಜ್ಜನ ಹೆಸರು, ಬಿನ್ ಎಂದು ಡೈರಿಯ ಅಪ್ಪನ ಹೆಸರು, ವಯಸ್ಸು 26, ವರ್ಷ 1918. ಪುಟದ ಮೇಲಿನ ಭಾಗ ಫೋಟೋದಲ್ಲಿ ಬಂದಿರಲಿಲ್ಲ. ನಾನು ಲೆಕ್ಕ ಹಾಕಿ, ಮುತ್ತಜ್ಜ ಹುಟ್ಟಿದ್ದು 1892 ಎಂದು ವಂಶವೃಕ್ಷ ಬರೆದು ವಾಟ್ಸ್‌ಆ್ಯಪಿನಲ್ಲಿ ಎಲ್ಲ ಬೀಗರು ಬಂಧುಗಳಿಗೂ ಹಾಕಿಬಿಟ್ಟೆ. ಒಂದೆರಡು ತಿಂಗಳಿಗೆ ಇನ್ನೊಂದು ಮನೆಯವರು, "1892 ಅಂತ ನಮ್ಮ ಮನ್ಯಾಗೂ ಬರದಿಟ್ಟೈತಿ ನೋಡ್ರಿ" ಎಂದು ಹೇಳಿದಾಗ ಎಷ್ಟು ಖುಷಿಪಟ್ಟೆ! ಎರಡನೆಯ ಆಧಾರ ಸಿಕ್ಕಿತೆಂದುಕೊಂಡೆ. ಕೇಳಿದರೆ ಅದು ನಾನೇ ಕಳಿಸಿದ್ದರ ನಕಲು, ಮಗಳು ಮದುವೆ ಪತ್ರಿಕೆಯ ಹಿಂದೆ ಬರೆದಿಟ್ಟಿದ್ದಳು.

ಮೂಲ ಪುಸ್ತಕವನ್ನು ಕಣ್ಣಾರೆ ನೋಡಲು ತಾಲೂಕು ಕಚೇರಿಗೆ ಮೂರು ಸಲ ಹೋಗಬೇಕಾಯಿತು. ನಾಲ್ಕನೆಯ ಸಲ ಪುಸ್ತಕ ಕೈಗೆ ಬಂತು. ಕಟ್ಟು ಬಿಚ್ಚಿಹೋಗಿ, ಅಂಚೆಲ್ಲ ಹುಳ ತಿಂದಿದ್ದ ಮರಣ ವಹಿ ಅದು. 1918ರ ಅಕ್ಟೋಬರ್ ತಿಂಗಳ ಪುಟ. ಮರಣಕ್ಕೆ ಕಾರಣ ಎಂಬ ಕಾಲಮಿನಲ್ಲಿ ಮೇಲಿನಿಂದ ಕೆಳಗಿನ ತನಕ ಒಂದೇ ಶಬ್ದ: ಜ್ವರ, ಜ್ವರ, ಜ್ವರ. ಮೊದಲ ಕೆಲವು ಸಾಲಿನಲ್ಲಿ ಪೂರ್ತಿ ಬರೆದ ಕುಲಕರ್ಣಿಯವರು ಆಮೇಲೆ ಬರೀ "ಸದರ" ಎಂದು ಬರೆಯುತ್ತ ಹೋಗಿದ್ದರು. ಇನ್‌ಫ್ಲುಯೆಂಜಾ ಊರೂರು ಹೊಡೆದ ವರ್ಷ ಅದು, ಕಾಳಯುಕ್ತಿ ಸಂವತ್ಸರ. ಆ ಸಾಲುಗಳ ನಡುವೆ ಮುತ್ತಜ್ಜನ ಹೆಸರು. ನಾನು ಯಾವನ ವಯಸ್ಸನ್ನು ಮುತ್ತಜ್ಜನಿಗೆ ಹಚ್ಚಿದ್ದೆನೋ ಅವನು ಅಂದೇ ಸತ್ತಿದ್ದ.

ಅಪ್ಪ ಬದುಕಿದ್ದಾಗ ಒಂದು ಮಾತು ಮತ್ತೆಮತ್ತೆ ಹೇಳುತ್ತಿದ್ದರು. 1956ರ ನವೆಂಬರ್ 1ಕ್ಕೆ ಶಾಲೆಯಲ್ಲಿ ಕೊಟ್ಟ ಪೇಢೆಯನ್ನು ಮನೆಗೆ ತಂದು ಮುತ್ತಜ್ಜನ ಬಾಯಿಗೆ ಹಾಕಿದ್ದೆ, ಹಲ್ಲಿಲ್ಲದ ಬಾಯಲ್ಲಿ ಚಪ್ಪರಿಸಿ ತಿಂದಿದ್ದರು ಎಂದು. ಅಂದಾಗ ಒಂದೇ ಹೆಸರಿನ ಇಬ್ಬರು. ಒಬ್ಬ 1918ರಲ್ಲಿ ಹೋದ, ಇನ್ನೊಬ್ಬರು 1956ರಲ್ಲಿ ಪೇಢೆ ತಿಂದರು. ಆದರೆ ಕಾಗದದಲ್ಲಿ ಇಬ್ಬರಿಗೂ ಅಪ್ಪ ಒಬ್ಬನೇ. ಅಷ್ಟೇ ಅಲ್ಲ, 1918ರಲ್ಲಿ ಸತ್ತ ಮಗನ ಹೆಸರಿಗೆ 1924ರಲ್ಲಿ ಹೊಲ ಬಂದಂತೆ ಕಾಣುತ್ತಿತ್ತು.

ಆ ರಾತ್ರಿಯೇ ವಾಟ್ಸ್‌ಆ್ಯಪಿನಲ್ಲಿ ಎಲ್ಲರಿಗೂ "ನಾನು ಕಳಿಸಿದ್ದು ತಪ್ಪು, ಅಳಿಸಿಹಾಕಿರಿ" ಎಂದು ಬರೆದೆ. ಅಳಿಸಿದವರು ಕಡಿಮೆ. ಇವತ್ತಿಗೂ ಎಲ್ಲೋ ಒಂದು ಕಡೆ 1892 ಎದುರಾಗುತ್ತದೆ. ನಂತರ ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಮಾತಿನ ಮುಂದೆ ಮೂರು ಸಂಗತಿ ಬರೆಯತೊಡಗಿದೆ: ಇದನ್ನು ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತು, ಯಾವ ಕೆಲಸಕ್ಕಾಗಿ ಹೇಳಿದರು.

ಅಣ್ಣನಿಗೆ ಬೇರೊಂದು ವಿಚಾರ ಹೊಳೆದಿತ್ತು. "ಆಯಿ ಮಾವನ ಮನಿ ಅಂದಾಳಂದ್ರ ಮನಿಅಳಿಯ ಇದ್ದಿರಬೇಕು. ಮಗ ಸತ್ತ ಮ್ಯಾಲ ಅಳಿಯಗ ಹೊಲ ಕೊಟ್ಟಾರ." ನಮ್ಮ ಮಾತಿನಲ್ಲಿ ಮಾವ ಎಂದರೆ ಹೆಂಡತಿಯ ಅಪ್ಪನೂ ಹೌದು, ತಾಯಿಯ ಅಣ್ಣತಮ್ಮನೂ ಹೌದು. ಅಳಿಯ ಎಂದರೆ ಮಗಳ ಗಂಡನೂ ಹೌದು, ಅಕ್ಕತಂಗಿಯ ಮಗನೂ ಹೌದು. ಸೋದರಮಾವನ ಮಗಳನ್ನೇ ತಂದುಕೊಳ್ಳುವ ನಮ್ಮಂಥವರ ಮನೆಗಳಲ್ಲಿ ಎರಡೂ ಒಬ್ಬನೇ ಆಗಿರುವುದೂ ಉಂಟು. ಆಯಿ ಯಾವ ಮಾವನನ್ನು ಅಂದಿದ್ದಳು? ಕೇಳೋಣವೆಂದರೆ ಆಕೆ ಇಲ್ಲ. ಈ ಗಂಟು ಬಿಚ್ಚಿದ್ದು ಅತ್ತೆ, ಅಪ್ಪನ ತಂಗಿ. ಮುತ್ತಜ್ಜನ ಹೆಂಡತಿಯ ತವರುಮನೆ ಅಣ್ಣಿಗೇರಿ ಎಂದು ಆಕೆ ಥಟ್ಟನೆ ಹೇಳಿದಳು, ಪಂಚಮಿಗೆ ಅಲ್ಲಿಂದ ಉಂಡಿ ಬರುತ್ತಿದ್ದವಂತೆ. ಹಾಗಾದರೆ ಮನೆಅಳಿಯನ ಮಾತು ಬಿತ್ತು. ಉಳಿದದ್ದು ಸೋದರಮಾವ.

ಸುಗ್ಗಿ ಮುಗಿದ ಕಾಲಕ್ಕೆ ಊರಿಂದ ಮತ್ತೆ ಫೋನ್. ಹೆಳವರು, ಅಂದರೆ ಮನೆಮನೆಗೆ ಬಂದು ವಂಶಾವಳಿ ಹೇಳಿ ಬರೆದುಕೊಳ್ಳುವವರು, ಬಂದಿದ್ದಾರೆ, ಆದರೆ ನಮ್ಮ ಮನೆಗಲ್ಲ. ನಮ್ಮ ದೊಡ್ಡಜ್ಜನ ಮಕ್ಕಳು ಶಿರಹಟ್ಟಿ ತಾಲೂಕಿನ ಹಳ್ಳಿಯೊಂದರಲ್ಲಿದ್ದಾರೆ, ಅವರ ಮನೆಗೆ. ಆ ಮನೆಯ ಸಂಗತಿಯನ್ನು ಮೊದಲೇ ಹೇಳಬೇಕಿತ್ತು. ದೊಡ್ಡಜ್ಜ ಎಂದರೆ ನಮ್ಮ ಅಜ್ಜನ ಖಾಸಾ ಅಣ್ಣ. ಆದರೂ ಅವರ ಅಡ್ಡಹೆಸರು ಬೇರೆ, ನಮ್ಮದು ಬೇರೆ. ಲಗ್ನಪತ್ರಿಕೆ ನೋಡಿದವರು ಕೇಳಿದರೆ, ಅವರು ಆ ಊರಿಗೆ ಹೋಗಿ ನೆಲೆಸಿದರು, ಅದಕ್ಕೇ ಹೆಸರು ಬದಲಾಯಿತು ಎಂದು ಹೇಳಿ ಮುಗಿಸುತ್ತಿದ್ದೆವು. ಯಾರೂ ಅದರಾಚೆ ಕೆದಕಿರಲಿಲ್ಲ.

ಹೆಳವಜ್ಜ ಪಡಸಾಲೆಯಲ್ಲಿ ಕುಂತಿದ್ದ. ಎತ್ತನ್ನು ಅಂಗಳದ ಬೇವಿನ ಮರಕ್ಕೆ ಕಟ್ಟಿತ್ತು. ಹಿಂದಿನ ರಾತ್ರಿಯೇ ಮನೆತನದ ಹಿರಿಯರ ಹೆಸರನ್ನೆಲ್ಲ ಹಾಡಿದಂತೆ ಹೇಳಿ ಮುಗಿಸಿ, ಜೋಳ ಅಳೆಸಿಕೊಂಡಿದ್ದನಂತೆ. ನನಗಾಗಿ ಮತ್ತೊಮ್ಮೆ ಹೊತ್ತಿಗೆ ಬಿಚ್ಚಿದ. ಬೆಡಗು (ವಂಶದ ಕವಲು), ಮೂಲ ಊರು, ಒಬ್ಬರ ಕೆಳಗೊಬ್ಬರು. ಅಲ್ಲಿ ಮುತ್ತಜ್ಜನ ಹೆಸರಿತ್ತು. ಅದರ ಮೇಲೆ ತಂದೆಯೆಂದು ಬೇರೆ ಹೆಸರು. ಅವರನ್ನು "ಹೆಳವರ ಅಪ್ಪ" ಎನ್ನುತ್ತೇನೆ. ಮುತ್ತಜ್ಜನ ಕೆಳಗೆ ದೊಡ್ಡಜ್ಜನ ಹೆಸರಿತ್ತು. ನಮ್ಮ ಅಜ್ಜನ ಹೆಸರಿರಲಿಲ್ಲ.

"ನಮ್ಮಜ್ಜನ್ನ ಯಾಕ ಬಿಟ್ಟೀರಿ ಅಜ್ಜಾರ?"

"ಬಿಟ್ಟಿಲ್ಲವ್ವಾ. ಈ ಮನಿಯಾಗ ಹುಟ್ಟಿದ್ರ ಬರೀತಿದ್ವಿ. ಅವ್ರು ಈ ಬೆಡಗಿನಾಗ ಬರಂಗಿಲ್ಲ."

ಒಬ್ಬನೇ ತಂದೆ, ಒಬ್ಬಳೇ ತಾಯಿ, ಇಬ್ಬರು ಅಣ್ಣತಮ್ಮಂದಿರು, ಎರಡು ಬೆಡಗು. ಅಣ್ಣನಿಗೆ ಇದು ಬಲವಾಯಿತು: ಹೆಳವರ ಹೊತ್ತಿಗೆಯಲ್ಲಿರುವವನು ಬೇರೆ ಯಾರೋ, ಹೆಸರು ಮಾತ್ರ ಒಂದೇ ಎಂದ. ಅದನ್ನೂ ತಳ್ಳಿಹಾಕುವಂತಿರಲಿಲ್ಲ. ಹೆಸರೊಂದೇ ಎಂದು ಇಬ್ಬರನ್ನು ಒಬ್ಬರನ್ನಾಗಿ ಮಾಡಿ ಕೈ ಸುಟ್ಟುಕೊಂಡವಳು ನಾನೇ.

ಆ ಪುಟದ ಅಂಚಿನಲ್ಲಿ ಹಿಂದಿನ ಹೆಳವರು ಬಂದು ಬರೆದುಕೊಂಡ ಕಾಲವಿತ್ತು: ವಿಳಂಬಿ ಸಂವತ್ಸರದ ಸುಗ್ಗಿ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ವಿಳಂಬಿ 1838ರಲ್ಲೂ ಇತ್ತು, 1898ರಲ್ಲೂ ಇತ್ತು. ಶಕ ಬರೆದಿರಲಿಲ್ಲ. 1838 ಎಂದರೆ ಈ ಹೆಸರಿನವನು ಮುತ್ತಜ್ಜನ ಅಜ್ಜನ ಕಾಲದವನಾಗಬೇಕು, ಅವನ ಮಗ ದೊಡ್ಡಜ್ಜ ಆಗಲಾರ. 1898 ಎಂದು ಹಿಡಿದರೆ ಯುಗಾದಿಯ ಲೆಕ್ಕದಲ್ಲಿ ಆ ಸುಗ್ಗಿ ಇಂಗ್ಲಿಷಿನ 1899ರ ಆರಂಭಕ್ಕೆ ಬೀಳುತ್ತದೆ. ಹುಬ್ಬಳ್ಳಿಯಲ್ಲಿ ಪ್ಲೇಗು ಜೋರಾಗಿ, ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡದ್ದು, ಹಾಫ್ಕಿನ್ನರ ಲಸಿಕೆಯನ್ನು ಸಾವಿರಾರು ಜನಕ್ಕೆ ಚುಚ್ಚಿದ್ದು 1898ರಲ್ಲೇ. ಆಯಿಯ ಪಿಲೇಗಿನ ವರ್ಷ ಅಲ್ಲಿಗೆ ಸರಿಯಾಗಿ ಹೊಂದಿಕೊಂಡಿತು.

ಹೊರಡುವಾಗ ಆ ಮನೆಯ ಚಿಗವ್ವ ಅಟ್ಟದ ಮೇಲಿನ ಟ್ರಂಕಿನಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಕಾಗದ ತಂದು ಕೊಟ್ಟಳು. "ಇದನ್ನ ಓದಾವ್ರ ಯಾರೂ ಇಲ್ಲವಾ. ಹೊಲದ್ದು ಅಂತಿದ್ರು." ನೋಡಿದರೆ ಮೋಡಿ, ಹಳೆಯ ಮರಾಠಿ ಕಾಗದಪತ್ರಗಳ ಲಿಪಿ. ಶಿರಹಟ್ಟಿ ಆಗ ಸಾಂಗಲಿ ಸಂಸ್ಥಾನದ್ದು. ಲಕ್ಷ್ಮೇಶ್ವರ ಮಿರಜಿನದು, ಕುಂದಗೋಳ ಜಮಖಂಡಿಯದು, ಗದಗ ಬ್ರಿಟಿಷರದು. 1948ರಲ್ಲಿ ಸಂಸ್ಥಾನಗಳು ವಿಲೀನವಾಗುವ ತನಕ ಎತ್ತಿನ ಗಾಡಿಯಲ್ಲಿ ಒಂದು ಹಗಲಿನ ಹಾದಿ ನಡೆದರೆ ಸರಕಾರವೇ ಬದಲಾಗುತ್ತಿತ್ತು, ದಫ್ತರದ ಭಾಷೆ ಲಿಪಿ ಕೂಡ. ನಾನು ಇಷ್ಟು ದಿನ ಗದಗಿನ ಕಾಗದಗಳಲ್ಲಿ ಮಾತ್ರ ಹುಡುಕಿದ್ದೆ. ಈ ಗಡಿಯಾಚೆ ಹುಟ್ಟಿದ ಹುಡುಗ ಈಚೆಯ ವಹಿಯಲ್ಲಿ ಹೇಗೆ ಸಿಕ್ಕಾನು?

ಧಾರವಾಡದಲ್ಲಿ ಮೋಡಿ ಓದಬಲ್ಲ ನಿವೃತ್ತ ಮಾಸ್ತರರೊಬ್ಬರು ಸಿಕ್ಕರು. ಅವರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ತಾಸುಗಟ್ಟಲೆ ಕೂತರು. ಮೋಡಿಯಲ್ಲಿ ಮೊದಲು ಉದ್ದಕ್ಕೆ ಗೆರೆ ಎಳೆದು, ಅದಕ್ಕೆ ಜೋತುಬಿದ್ದಂತೆ ಲೆಕ್ಕಣಿಕೆ ಎತ್ತದೆ ಅಕ್ಷರ ಬರೆಯುತ್ತಿದ್ದರಂತೆ. ಶಬ್ದದಿಂದ ಶಬ್ದಕ್ಕೆ ಜಾಗ ಬಿಡುವುದಿಲ್ಲ, ಇಕಾರ ಉಕಾರದಲ್ಲಿ ಹ್ರಸ್ವ ದೀರ್ಘದ ಭೇದವಿಲ್ಲ. ಫಸಲಿ, ಅಂದರೆ ಕಂದಾಯದ ವರ್ಷ, 1308 ಎಂದು ಮೊದಲು ಓದಿದರು. 590 ಕೂಡಿಸಿದರೆ 1898. ಹೆಳವರ ಅಪ್ಪ ತೀರಿಕೊಂಡದ್ದರಿಂದ ಹೊಲವನ್ನು ಅವನ ತಮ್ಮ ನೋಡಿಕೊಳ್ಳತಕ್ಕದ್ದು. ವಿಧವೆಯು ಮಗನನ್ನು ಕರಕೊಂಡು ತವರಿಗೆ ಹೋಗಿದ್ದಾಳೆ. ತವರಿನ ಊರು ನಮ್ಮೂರು. ಮಗನ ಹೆಸರು ಮುತ್ತಜ್ಜನದು. ವಯಸ್ಸು ६ ಅಥವಾ ९, ಶಾಯಿ ಹರಡಿ ಹೊಟ್ಟೆ ಯಾವ ಕಡೆಗಿದೆ ಎಂದು ತಿಳಿಯಲಿಲ್ಲ. ಮಾಸ್ತರರು ಭೂತಗನ್ನಡಿ ಇಟ್ಟು ನೋಡಿ, "ಊಹಿಸಿ ಹೇಳೂದು ಬ್ಯಾಡ್ರಿ, ಎರಡೂ ಬರಕೊಳ್ರಿ" ಎಂದರು. ಎರಡೂ ಬರೆದುಕೊಂಡೆ.

ಆಮೇಲೆ ವಿಧವೆಯ ಹೆಸರನ್ನು ಓದಿದರು. ನನ್ನ ಮೈ ಝುಮ್ಮೆಂದಿತು. ಆ ಹೆಸರನ್ನು ನಾನು ದಿನಾ ನೋಡುತ್ತಿದ್ದೆ.

ಮದುವೆಯಾಗಿ ಬರುವಾಗ ಆಯಿ ನನಗೆ ಒಂದು ಹಿತ್ತಾಳೆ ಕೊಡ ಕೊಟ್ಟಿದ್ದಳು. ಅಂಚು ಒಂದು ಕಡೆ ತಗ್ಗು ಬಿದ್ದ, ತಳಕ್ಕೆ ತಗಡಿನ ತೇಪೆ ಹಚ್ಚಿದ ಹಳೆಯ ಕೊಡ. ತುಳಸಿಕಟ್ಟೆಯ ಮಗ್ಗುಲಿಗೆ ನೀರು ತುಂಬಿಡುತ್ತೇನೆ. ಅದರ ಕೊರಳಿನ ಕೆಳಗೆ ಚುಕ್ಕೆ ಚುಕ್ಕೆಯಾಗಿ ಉಳಿಯಿಂದ ಹೊಡೆದ ಅಕ್ಷರಗಳಿದ್ದವು. ಆಯಿಯದೋ ಆಯಿಯ ಅತ್ತೆಯದೋ ಇರಬೇಕೆಂದು ಸುಮ್ಮನಿದ್ದೆ. ಧಾರವಾಡದಿಂದ ಬಂದವಳೇ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದೆ. ಕಿಲುಬು ಬಿಟ್ಟು, ಚುಕ್ಕೆಗಳೊಳಗಿನ ಕಪ್ಪು ಮಾತ್ರ ಉಳಿದು ಅಕ್ಷರ ಎದ್ದು ಬಂದವು. ನಾಲ್ಕಕ್ಷರದ ಹೆಂಗಸಿನ ಹೆಸರು, ಆಮೇಲೆ "ಕೋಂ", ಆಮೇಲೆ ಹೆಳವರ ಅಪ್ಪನ ಹೆಸರು. ಕೋಂ ಅಂದರೆ ಇಂಥವರ ಹೆಂಡತಿ. ಲಗ್ನದಲ್ಲಿ ಆಯೇರಿ ಬಂದ ಕೊಡವೇ ಇರಬೇಕು. ಗಂಡನನ್ನು ಕಳೆದುಕೊಂಡು ಮಗನನ್ನು ಕಟ್ಟಿಕೊಂಡು ಬಂದ ಹೆಣ್ಣುಮಗಳು ಹೊತ್ತು ತಂದ ಸಾಮಾನಿನಲ್ಲಿ ಇದೂ ಒಂದು. ಈ ಕೊಡಕ್ಕೆ ಯಾವ ಹೊಲದ ಆಸೆಯೂ ಇಲ್ಲ, ಯಾವ ಕಚೇರಿಗೂ ಅದನ್ನು ತೋರಿಸಲೆಂದು ಯಾರೂ ಹೆಸರು ಹಾಕಿಸಿರಲಿಲ್ಲ. ನನಗೆ ಎಲ್ಲ ಕಾಗದಗಳಿಗಿಂತ ಅದರ ಮೇಲೆ ನಂಬಿಕೆ ಹೆಚ್ಚು.

ಇನ್ನು ಒಗಟು ಬಿಡಿಸಿಕೊಳ್ಳುವುದು ಸುಲಭವಾಯಿತು. ಡೈರಿಯ ಅಪ್ಪ ಆಕೆಯ ಒಡಹುಟ್ಟಿದವನು. ಅವನ ತಂದೆಯ ಹೆಸರನ್ನು ಹೊಲದ ಹಳೆಯ ಉತಾರದಲ್ಲಿ ಹುಡುಕಿದರೆ, ಅದೂ ಮುತ್ತಜ್ಜನದೇ ಹೆಸರು! ಅಣ್ಣ ತಂಗಿ ಇಬ್ಬರೂ ತಮ್ಮ ಅಪ್ಪನ ಹೆಸರನ್ನು ತಮ್ಮ ತಮ್ಮ ಮಗನಿಗೆ ಇಟ್ಟಿದ್ದರು. 1918ರಲ್ಲಿ ಸತ್ತವನು ಡೈರಿಯ ಅಪ್ಪನ ಸ್ವಂತ ಮಗ. ಆಮೇಲೆ ವಾರಸ ಇಲ್ಲದ ಆ ಮನೆಗೆ ತಂಗಿಯ ಮಗನೇ ದತ್ತಕ ಹೋಗಿರಬೇಕು. ಅಷ್ಟೊತ್ತಿಗೆ ಮುತ್ತಜ್ಜನಿಗೆ ಮದುವೆಯಾಗಿ ದೊಡ್ಡಜ್ಜ ಹುಟ್ಟಿದ್ದರು. ಮಕ್ಕಳಿದ್ದವನನ್ನು ದತ್ತಕ ತಗೊಳ್ಳುವುದುಂಟೇ ಎಂದು ಅಣ್ಣ ಕೇಳಿದ. ನಾನೂ ಒಪ್ಪಿರಲಿಲ್ಲ.

ಹುಬ್ಬಳ್ಳಿಯಲ್ಲಿ ಹಿರಿಯ ವಕೀಲರನ್ನು ಕೇಳಿದೆವು. 1956ರ ದತ್ತಕ ಕಾಯ್ದೆಯ ಪ್ರಕಾರ, ರೂಢಿ ಇದ್ದರೆ ಹೊರತು, 15 ವರ್ಷ ತುಂಬಿದವರನ್ನೂ ಮದುವೆಯಾದವರನ್ನೂ ದತ್ತಕ ತಗೊಳ್ಳುವಂತಿಲ್ಲ. ಅದಕ್ಕೂ ಮುಂಚೆ ಮುಂಬಯಿ ಪ್ರಾಂತದ ಹಿಂದೂ ಕಾನೂನಿನಲ್ಲಿ ವಯಸ್ಸಿನ ಮಿತಿ ಇರಲಿಲ್ಲ, ಮಕ್ಕಳೊಂದಿಗನಾದರೂ ನಡೆಯುತ್ತಿತ್ತು. ತಂದೆ ಸತ್ತಿದ್ದರೆ ತಾಯಿ ಕೊಡಬಹುದಿತ್ತು. ಪತ್ರ ಮಾಡಿ ನೋಂದಾಯಿಸಲೇಬೇಕೆಂದೂ ಇರಲಿಲ್ಲ, ಕೊಟ್ಟು ತೆಗೆದುಕೊಳ್ಳುವ ಕ್ರಿಯೆ ಜನರ ಮುಂದೆ ಆದರೆ ಸಾಕಿತ್ತು. ಅವರು ಕೊನೆಗೆ ಹೇಳಿದ ಮಾತಿಗೆ ಅಣ್ಣ ಕುರ್ಚಿಯಿಂದ ಮುಂದೆ ಬಾಗಿದ: "ದತ್ತಕ ಆಗೂಕಿಂತ ಮೊದಲ ಹುಟ್ಟಿದ ಮಗ ಹಳೇ ಮನಿತನದಾಗ ಉಳೀತಾನ. ಆಮ್ಯಾಲ ಹುಟ್ಟಿದಾಂವ ಹೊಸಾ ಮನಿಗೆ ಸೇರತಾನ."

ಹೆಳವಜ್ಜನ ಹೊತ್ತಿಗೆ ಹೇಳಿದ್ದೂ ಅದನ್ನೇ. ಮರುವಾರ ಊರಿನ ಕನ್ನಡ ಗಂಡುಮಕ್ಕಳ ಶಾಲೆಗೆ ಹೋಗಿ ಜನರಲ್ ರಜಿಸ್ಟರ್ ನೋಡಿದೆವು. ಹುಟ್ಟಿದ ತಾರೀಖನ್ನು ನಾನು ಓದಲೂ ಇಲ್ಲ, ನಮ್ಮ ಕಡೆ ಅರ್ಧ ಊರು ಜೂನ್ 1ಕ್ಕೇ ಹುಟ್ಟಿದ್ದು. ಅಡ್ಡಹೆಸರಿನ ಕಾಲಮಿಗೆ ಬೆರಳಿಟ್ಟೆ. ದೊಡ್ಡಜ್ಜನ ಮುಂದೆ ಹೆಳವರ ಅಪ್ಪನ ಅಡ್ಡಹೆಸರು, ಕೆಲವು ವರ್ಷದ ನಂತರ ದಾಖಲಾದ ನಮ್ಮ ಅಜ್ಜನ ಮುಂದೆ ಡೈರಿಯ ಅಪ್ಪನ ಅಡ್ಡಹೆಸರು. ತಂದೆಯ ಹೆಸರು ಇಬ್ಬರಿಗೂ ಒಂದೇ. ದೊಡ್ಡಜ್ಜ ಮುಂದೆ ಶಿರಹಟ್ಟಿ ಕಡೆಯ ಹೊಲಕ್ಕೆ ಹೋಗಿ ನೆಲೆಸಿದ್ದು ವಲಸೆಯಲ್ಲ, ಅದು ಅವರ ಪಾಲು.

ಡೈರಿಯನ್ನು ಮತ್ತೊಮ್ಮೆ ತೆಗೆದು ಓದಿದೆ. "ತಕರಾರು ಇಲ್ಲ" ಎಂಬ ಎರಡು ಶಬ್ದದ ಮೇಲೆ ಈಗ ಕಣ್ಣು ನಿಂತಿತು. ಡೈರಿಯ ಅಪ್ಪನಿಗೆ ಬೇರೆಯಿದ್ದ ಒಬ್ಬ ತಮ್ಮನಿದ್ದ. ಅಣ್ಣನಿಗೆ ಮಗನಿಲ್ಲವೆಂದಾದರೆ ಹೊಲದ ಮೇಲೆ ಕಣ್ಣು ಹಾಕಲು ಅವನಿಗೆ ಎಲ್ಲರಿಗಿಂತ ಹೆಚ್ಚಿನ ಕಾರಣವಿತ್ತು. ಅವನೂ ಸುಮ್ಮನಿದ್ದಾನೆ. ದತ್ತಕ ಊರೆದುರಿಗೆ ಆಗಿತ್ತು, ಅವನಿಗೂ ಗೊತ್ತಿತ್ತು, ಒಪ್ಪಿದ್ದ ಎಂದೇ ನಾನು ತಿಳಿದಿದ್ದೇನೆ. ಮಗ ಎಂದು ಬರೆದ ಕುಲಕರ್ಣಿ ತಪ್ಪು ಬರೆಯಲಿಲ್ಲ. ಹೊಲ ಯಾರಿಗೆ ಸೇರಬೇಕೆಂಬುದಷ್ಟೇ ಅವರ ಕೆಲಸ, ಯಾರ ಹೊಟ್ಟೆಯಲ್ಲಿ ಹುಟ್ಟಿದ ಎಂಬುದು ಅಲ್ಲಿ ಬೇಕಿರಲಿಲ್ಲ.

ಆದರೂ ದತ್ತಕಪತ್ರ ಸಿಕ್ಕಿಲ್ಲ. ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ 1918ರಿಂದ 1924ರವರೆಗಿನ ಸೂಚಿಗಳನ್ನು ಹುಡುಕಿಸಿದೆ, ಒಂದು ವರ್ಷದ ಪುಟಗಳು ಅಂಟಿಕೊಂಡು ಬಿಡಿಸಲು ಬಾರದಂತಾಗಿದ್ದವು. ನನ್ನ ನೋಟ್‌ಬುಕ್ಕಿನಲ್ಲಿ ತಾಯಿಯ ಹೆಸರು, ಹೆಳವರ ಅಪ್ಪ, 1898, ಎರಡು ಅಡ್ಡಹೆಸರು ಇವೆಲ್ಲ ಶಾಯಿಯಲ್ಲಿವೆ. ದತ್ತಕದ ಸಾಲು ಪೆನ್ಸಿಲಿನಲ್ಲಿದೆ. ಮುತ್ತಜ್ಜನ ವಯಸ್ಸಿನ ಜಾಗದಲ್ಲಿ ಎರಡು ಅಂಕಿ ಇವೆ.

ವಂಶವೃಕ್ಷಕ್ಕೆ ಅಷ್ಟು ದೂರ ಹೋಗುವ ಅಗತ್ಯವೇ ಇರಲಿಲ್ಲ. ಅಪ್ಪನ ವಾರಸಾಕ್ಕೆ ಅಜ್ಜನಿಂದ ಕೆಳಗೆ ಬರೆದರೆ ಸಾಕೆಂದು ತಲಾಠಿಯವರೇ ಹೇಳಿದರು. ಅಣ್ಣ ಹಾಳೆಯ ಮೇಲಿನ ಎರಡು ಮನೆ ಕತ್ತರಿಸಿ ತೆಗೆದ, ಪಂಚರ ಸಹಿ ಹಾಕಿಸಿದ. ನಾನೂ ಸಹಿ ಮಾಡಿದೆ. ಕತ್ತರಿಸಿದ ಚೂರನ್ನು ಅವನು ಒಗೆಯಲಿಲ್ಲ, ಮಡಚಿ ನನ್ನ ಕೈಗೆ ಕೊಟ್ಟ.

ಹೆಳವಜ್ಜ ಆ ವರ್ಷ ಲಕ್ಷ್ಮೇಶ್ವರದ ಕಡೆ ಇನ್ನೂ ಕೆಲವು ಮನೆ ಮುಗಿಸುವುದಿತ್ತು. ಅಣ್ಣನನ್ನೂ ಕರಕೊಂಡು ಹುಡುಕಿ ಹೋದೆ. ಕೊಡವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಸ್ ಹತ್ತಿದ್ದೆ. ಅಜ್ಜ ಅಕ್ಷರಗಳ ಮೇಲೆ ಬೆರಳಾಡಿಸಿ ಓದಿ, ಹೊತ್ತಿಗೆ ತೆಗೆದ.

"ನಿಮ್ಮಜ್ಜನ್ನ ಈಗ ಈ ಪುಟಕ್ಕ ಸೇರಸಂತೀರೇನು?"

"ಬ್ಯಾಡ್ರಿ ಅಜ್ಜಾರ, ನೀವು ಬರೆದದ್ದು ಬರೋಬ್ಬರಿ ಐತಿ. ಈಕಿ ಹೆಸರು ಬರಕೊಳ್ರಿ."

ಆ ಪುಟದಲ್ಲಿ ಹೆಂಗಸರ ಹೆಸರು ಒಂದೂ ಇರಲಿಲ್ಲ. ಅಜ್ಜ ಸ್ವಲ್ಪ ಹೊತ್ತು ಕೊಡವನ್ನೂ ಪುಟವನ್ನೂ ನೋಡುತ್ತ ಕುಂತ. ಆಮೇಲೆ ಮೊಮ್ಮಗನ ಕಿಸೆಯಿಂದ ಪೆನ್ನು ಇಸಿದುಕೊಂಡು, ಹೆಳವರ ಅಪ್ಪನ ಹೆಸರಿನ ಮಗ್ಗುಲಿಗೆ ಇದ್ದ ಒಂದು ಬೆರಳಗಲ ಜಾಗದಲ್ಲಿ ಆ ನಾಲ್ಕು ಅಕ್ಷರ ಬರೆದ. ಬರೆದು, ಊದಿ ಆರಿಸಿ, ತವರೂರು ಯಾವುದೆಂದು ಅಣ್ಣನನ್ನು ಕೇಳಿದ. ಅಣ್ಣ ನಮ್ಮೂರಿನ ಹೆಸರು ಹೇಳಿದ.